ಅಕ್ಕ ಕಡಲು ನೋಡಿದ ದಿನ

“ಅಜ್ಜ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋ ಹಾಗೆ ಸಮುದ್ರ ಎಲ್ಲಿದೆ?” ಎಂದು ನಾಲ್ಕನೇ ಕ್ಲಾಸಿನ ಮೊಮ್ಮಗ ಪುಟ್ಟ ಕೇಳಿದಾಗ ನಾನು ಪೇಪರಿನಿಂದ ತಲೆ ಎತ್ತದೆ “ಮಲ್ಪೆ” ಎಂದುಬಿಟ್ಟೆ. ಅಷ್ಟೇ, ಸಿಕ್ಕಿಬಿದ್ದೆ. ಡಿಸೆಂಬರಿನ ಕೊನೆಯ ವಾರ. ಮಗಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನಮ್ಮ ಮನೆಗೆ ಬಂದಿದ್ದಳು. ಕಾರು ಅಂಗಳದಲ್ಲೇ ನಿಂತಿತ್ತು. ಎಂಟನೇ ಕ್ಲಾಸಿನ ಚಿನ್ನಿ ಆಗಲೇ ಫೋನಿನಲ್ಲಿ ದಾರಿ ಹುಡುಕಿ, ಹೋಗಲು 150 ಕಿಲೋಮೀಟರ್, ಬರಲು 150 ಎಂದು ಲೆಕ್ಕ ಒಪ್ಪಿಸಿದಳು.

ನನ್ನ ಹೆಂಡತಿ ಅಡಿಗೆಮನೆಯಿಂದಲೇ ಹೇಳಿದಳು, “ಕಾರಲ್ಲಿ ಐದು ಜನಕ್ಕೆ ಜಾಗ. ನನಗೆ ಮಂಡಿನೋವು, ನಾನು ಬರೋದಿಲ್ಲ. ನಾನು ಕಡಲು ಬೇಕಾದಷ್ಟು ನೋಡಿದೀನಿ. ನನ್ನ ಜಾಗದಲ್ಲಿ ಅತ್ತಿಗೇನ ಕೂರಿಸಿಕೊಳ್ಳಿ. ಎಷ್ಟು ವರ್ಷದಿಂದ ಹೇಳ್ತಿದೀರಿ, ಅಕ್ಕನಿಗೆ ಸಮುದ್ರ ತೋರಿಸ್ತೀನಿ ಅಂತ.”

ಎಷ್ಟು ವರ್ಷದಿಂದ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ್ದು 1973ರಲ್ಲಿ. ಮೊದಲ ಸಂಬಳ ತೆಗೆದುಕೊಂಡು ಊರಿಗೆ ಹೋದಾಗ ಅಕ್ಕನಿಗೆ ಒಂದು ಸೀರೆ ಕೊಟ್ಟು, “ಬೇಸಿಗೆಯಲ್ಲಿ ನಿನಗೆ ಸಮುದ್ರ ತೋರಿಸ್ತೀನಿ” ಎಂದಿದ್ದೆ. ಆ ಬೇಸಿಗೆ ಇನ್ನೂ ಬಂದಿರಲಿಲ್ಲ.

ನನ್ನ ಅಕ್ಕನಿಗೆ ಈಗ 83. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿದೆ. ಅಲ್ಲಿಂದ ಕಡಲಿಗೆ ಕಾರಿನಲ್ಲಿ ಎರಡೂವರೆ ಗಂಟೆ ಸಾಕು. ಇಷ್ಟು ಹತ್ತಿರವಿದ್ದೂ ಸಮುದ್ರ ನೋಡಿಲ್ಲ ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಡಿಕೆ ಕೊಯ್ಲು, ಕೊಟ್ಟಿಗೆ, ಅತ್ತೆ ಮಾವನ ಆರೈಕೆ, ಆಮೇಲೆ ಭಾವನ ಕಾಯಿಲೆ. ಹದಿನೇಳಕ್ಕೆ ಮದುವೆಯಾಗಿ ಆ ಮನೆ ಹೊಕ್ಕವಳು ಶೃಂಗೇರಿ ನೋಡಿದಳು, ಧರ್ಮಸ್ಥಳ ನೋಡಿದಳು. ಉಡುಪಿಗೂ ಒಮ್ಮೆ ಊರವರ ಜೊತೆ ಬಸ್ಸು ಮಾಡಿಕೊಂಡು ಹೋಗಿದ್ದಳು. ಕೃಷ್ಣನ ದರ್ಶನವಾಯಿತು, ಊಟವಾಯಿತು. ಕಡಲು ಅಲ್ಲಿಂದ ಆರು ಕಿಲೋಮೀಟರ್ ಅಷ್ಟೇ. ಆದರೆ ಕತ್ತಲಾಗುವ ಮುಂಚೆ ಘಟ್ಟ ಹತ್ತಬೇಕೆಂದು ಡ್ರೈವರ್ ಅವಸರ ಮಾಡಿ ಬಸ್ಸು ತಿರುಗಿಸಿಬಿಟ್ಟ.

ಫೋನ್ ಮಾಡಿದೆ. “ಕೊಟ್ಟಿಗೆ ಯಾರು ನೋಡ್ತಾರೆ?” ಎಂದಳು. ಹಿಂದಿನಿಂದ ಸೊಸೆಯ ದನಿ ಕೇಳಿತು, “ನಾನು ನೋಡ್ತೀನಿ, ಹೋಗಿಬನ್ನಿ ಅತ್ತೆ.” “ಕಾರಲ್ಲಿ ವಾಂತಿ ಬರುತ್ತೆ” ಎಂದಳು. ನಿಂಬೆಹಣ್ಣು ಇಟ್ಟುಕೋ ಎಂದೆ. “ಈ ವಯಸ್ಸಲ್ಲಿ ಯಾಕೋ ತಮ್ಮ” ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಕೇಳಿದಳು, “ಎಷ್ಟು ಗಂಟೆಗೆ ಬರ್ತೀರಿ?”

ಬೆಳಗಿನ ಐದಕ್ಕೆ ಹೊರಟೆವು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ಕತ್ತಲಲ್ಲೇ ದಾಟಿಹೋದವು. ಸಕ್ರೆಬೈಲಿನ ಆನೆಗಳು ಇನ್ನೂ ಕಾಡಿನಿಂದ ಸ್ನಾನಕ್ಕೆ ಬಂದಿರುವುದಿಲ್ಲ ಎಂದರೂ ಪುಟ್ಟ ಕಿಟಕಿಗೆ ಮೂಗು ಒತ್ತಿಕೊಂಡು ಒಂದಾದರೂ ಕಂಡೀತೇ ಎಂದು ನೋಡುತ್ತಲೇ ಇದ್ದ. ಏಳು ಗಂಟೆಗೆ ಅಕ್ಕನ ಮನೆ ಸೇರಿದಾಗ ಮಂಜು ಅಡಿಕೆ ತೋಟದ ಮೇಲೆ ಹತ್ತಿ ಹಾಸಿದ ಹಾಗೆ ಕೂತಿತ್ತು. ಬಿಸಿ ಕಡುಬು, ಕಾಯಿ ಚಟ್ನಿ ಕಾದಿದ್ದವು. ಅಕ್ಕ ಹೊಸ ಸೀರೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ಬುತ್ತಿಯ ಕ್ಯಾರಿಯರ್ ಹಿಡಿದು ಜಗುಲಿಯ ಮೇಲೆ ಕೂತಿದ್ದಳು. ಐದು ಗಂಟೆಯಿಂದ ಹಾಗೇ ಕೂತಿದ್ದಾರೆ ಎಂದು ಸೊಸೆ ನಕ್ಕಳು.

ಆಗುಂಬೆಯಲ್ಲಿ ಐದು ನಿಮಿಷ ನಿಲ್ಲಿಸಿದೆವು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದದ್ದು ಇದೇ ಊರಿನ ಬೀದಿಯಲ್ಲಿ. ಮಗಳು ಚಿಕ್ಕವಳಿದ್ದಾಗ ಟಿ.ವಿ. ಇದ್ದವರ ಮನೆಗೆ ಓಡಿ ಅದನ್ನು ನೋಡುತ್ತಿದ್ದಳು. ಈಗ ಅವಳ ಮಕ್ಕಳಿಗೆ ಅದನ್ನು ಹೇಳಿದರೆ “ಫೋನಲ್ಲಿ ಇದೆಯಾ?” ಎಂದು ಕೇಳುತ್ತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಇದು. ಡಿಸೆಂಬರಿನ ಬಿಸಿಲಲ್ಲಿ ಮಾತ್ರ ಒಳ್ಳೆಯ ಹುಡುಗನ ಹಾಗೆ ತಣ್ಣಗೆ ಕೂತಿತ್ತು.

ಊರು ದಾಟಿದರೆ ಘಟ್ಟ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 2,100 ಅಡಿ ಎತ್ತರದಲ್ಲಿದೆ. ಆ ಎತ್ತರವನ್ನೆಲ್ಲ ಹೆಚ್ಚುಕಡಿಮೆ ಹತ್ತು ಕಿಲೋಮೀಟರಿನೊಳಗೆ ಇಳಿದುಬಿಡಬೇಕು. ಅದಕ್ಕಾಗಿ ರಸ್ತೆ 14 ಸಲ ಹೇರ್‌ಪಿನ್ ಹಾಗೆ ಮಡಚಿಕೊಳ್ಳುತ್ತದೆ. ಪ್ರತಿ ತಿರುವಿಗೂ ನಂಬರ್ ಬರೆದ ಫಲಕ ಇದೆ. ಮಗಳು ಡ್ರೈವ್ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದೆ. “ಅಪ್ಪಾ, ನಿನ್ನ ಕಾಲಿಗೆ ಕಾರು ನಿಲ್ಲೋಲ್ಲ, ಆರಾಮಾಗಿ ಕೂತ್ಕೋ” ಎಂದಳು. ಘಟ್ಟದಲ್ಲಿ ಮೇಲೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ನಾನು ಪಾಠ ಶುರುಮಾಡುವ ಹೊತ್ತಿಗೆ ಅವಳು ಅದನ್ನೇ ಮಾಡುತ್ತಿದ್ದಳು. ಸುಮ್ಮನಾದೆ.

ವಾಂತಿ ಬರುತ್ತದೆ ಎಂದು ಹೆದರಿದ್ದವಳು ಅಕ್ಕ. ಮಾಡಿಕೊಂಡವನು ಪುಟ್ಟ. ಏಳನೇ ತಿರುವು ದಾಟಿ ಜಾಗವಿದ್ದ ಕಡೆ ಕಾರು ನಿಲ್ಲಿಸಿದೆವು. ಅಕ್ಕ ಅವನ ಬೆನ್ನು ಸವರಿ, ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಸಲು ಕೊಟ್ಟು, ಬಾಯಿಗೆ ಒಂದು ಅಪ್ಪೆಮಿಡಿಯ ಚೂರು ಇಟ್ಟಳು. ಅವಳ ಸೀರೆಯ ಸೆರಗಿನಲ್ಲಿ ಒಂದು ಸಣ್ಣ ಭರಣಿಯೇ ಇತ್ತು! ಅಷ್ಟರಲ್ಲಿ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಕೋತಿಗಳು ಹತ್ತಿರ ಬಂದವು. ಈ ಕಾಡಿನ ಒಳಗೆ ಸಿಂಗಳೀಕಗಳೂ ಇವೆ. ಮುಖದ ಸುತ್ತ ಬೂದುಬಣ್ಣದ ಕೇಸರ, ಸಿಂಹದಂಥ ಬಾಲ, ನಮ್ಮ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಆದರೆ ಅವು ನಾಚಿಕೆಯವು, ಮರದ ತುದಿ ಬಿಟ್ಟು ಇಳಿಯುವುದು ಕಡಿಮೆ. ರಸ್ತೆಗೆ ಬಂದು ಕೈಚಾಚುವವು ಮಾಮೂಲಿ ಕೋತಿಗಳು. ನಾವು ಏನೂ ಕೊಡಲಿಲ್ಲ. ಚಿಪ್ಸ್ ತಿಂದು ಅಭ್ಯಾಸವಾದ ಕೋತಿ ಕಾಡಿನ ಹಣ್ಣು ಮರೆತು ರಸ್ತೆ ಕಾಯುತ್ತದೆ, ಕೊನೆಗೆ ಗಾಡಿಯ ಚಕ್ರಕ್ಕೆ ಸಿಗುತ್ತದೆ. ಮಕ್ಕಳೇ, ಇದು ನಿಮಗಿಂತ ನಿಮ್ಮ ಅಪ್ಪ ಅಮ್ಮಂದಿರಿಗೆ ಹೇಳಬೇಕಾದ ಮಾತು.

ಘಟ್ಟ ಇಳಿದು ಸೋಮೇಶ್ವರ ಸೇರುತ್ತಲೇ ಸ್ವೆಟರ್ ತೆಗೆದೆವು. ಹೆಬ್ರಿಯಲ್ಲಿ ಕಿಟಕಿ ಇಳಿಸಿದೆವು. ಪೆರ್ಡೂರು, ಹಿರಿಯಡ್ಕ ಬರುವಷ್ಟರಲ್ಲಿ ಬೆವರು. ಒಂದು ಗಂಟೆಯೊಳಗೆ ಋತುವೇ ಬದಲಾದ ಹಾಗೆ. ಅಡಿಕೆಯ ಜೊತೆಗೆ ತೆಂಗು ಹೆಚ್ಚಾಯಿತು, ಕೆಂಪು ಮುರಕಲ್ಲಿನ ಗೋಡೆಗಳು ಬಂದವು, ಅಂಗಡಿ ಮುಂದಿನ ಮಾತು ತುಳುವಾಯಿತು. ಅಕ್ಕ ಕಿಟಕಿಯಿಂದ ಎಲ್ಲವನ್ನೂ ನೋಡುತ್ತ, “ಇವರ ಅಂಗಳ ಎಷ್ಟು ಚೊಕ್ಕ ನೋಡು” ಎಂದು ನಾಲ್ಕು ಸಲ ಹೇಳಿದಳು.

ಉಡುಪಿಯಲ್ಲಿ ಗೋಳಿಬಜೆ, ಬನ್ಸ್, ಕಾಫಿ. ಇಲ್ಲಿ ನಾನು 1981ರಿಂದ 84ರವರೆಗೆ ಮೂರು ವರ್ಷ ಕೆಲಸ ಮಾಡಿದ್ದೆ. ಬ್ಯಾಂಕಿನವರಿಗೆ ಈ ಊರು ತವರಿದ್ದ ಹಾಗೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಶುರುಮಾಡಿದ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ್ದು ಇಲ್ಲಿ. 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದೂ ಇಲ್ಲೇ. ಅದರವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಬ್ಯಾಂಕಿನ ಏಜೆಂಟ್ ಹೋಗಿ ದುಡ್ಡು ತರುತ್ತಿದ್ದ. ಎರಡು ಬ್ಯಾಂಕೂ ಈಗ ಬೇರೆ ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋಗಿವೆ. ನಾನಿದ್ದ ಕಾಲದಲ್ಲಿ ಮಲ್ಪೆಯಿಂದ ಬರುವ ನೋಟುಗಳನ್ನು ಕೌಂಟರಿನಲ್ಲಿ ಕಣ್ಣುಮುಚ್ಚಿ ಗುರುತಿಸುತ್ತಿದ್ದೆವು. ಸ್ವಲ್ಪ ತೇವ, ಮೀನಿನ ವಾಸನೆ. ಎಣಿಸಿದ ಬೆರಳಿಗೆ ಸಂಜೆವರೆಗೂ ಅದೇ ವಾಸನೆ ಇರುತ್ತಿತ್ತು. ಈ ಕಥೆಯನ್ನು ನಾನು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತಿದ್ದಾಗ ಅಕ್ಕ ಏನೂ ಮಾತಾಡಲಿಲ್ಲ. ಬನ್ಸ್ ಮುರಿದು ಪುಟ್ಟನ ತಟ್ಟೆಗೆ ಹಾಕಿದಳು.

ಹನ್ನೊಂದು ಗಂಟೆಗೆ ಮಲ್ಪೆ. ಕಾರು ನಿಲ್ಲಿಸಿದ ಜಾಗದಿಂದ ಕಡಲು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅಕ್ಕ ತಲೆ ಓರೆಮಾಡಿ, “ಮಳೆ ಬರ್ತಿದೆಯಾ?” ಎಂದಳು. ಆಗುಂಬೆ ಕಡೆಯವರಿಗೆ ದೂರದಿಂದ ಬರುವ ದೊಡ್ಡ ಸದ್ದೆಂದರೆ ಮಳೆಯೇ. ನಾನವಳ ಕೈ ಹಿಡಿದುಕೊಂಡೆ. ನಾಲ್ಕು ಅಂಗಡಿ ದಾಟಿದೆವು, ಮರಳು ಶುರುವಾಯಿತು, ತಲೆ ಎತ್ತಿದರೆ ಎದುರಿಗೆ ಅದು.

ಅವಳು ನಿಂತಳು. ಏನಾದರೂ ಹೇಳುತ್ತಾಳೆಂದು ನಾವೆಲ್ಲ ಅವಳ ಮುಖ ನೋಡುತ್ತಿದ್ದೆವು. ಚಿನ್ನಿಯಂತೂ ವಿಡಿಯೋ ಮಾಡಲು ಫೋನ್ ಎತ್ತಿದ್ದಳು. ಅಕ್ಕ ಎಡಗಡೆಯಿಂದ ಬಲಗಡೆಯವರೆಗೆ ನಿಧಾನಕ್ಕೆ ನೋಡಿದಳು, ಮತ್ತೆ ಬಲಗಡೆಯಿಂದ ಎಡಗಡೆಗೆ ನೋಡಿದಳು. ಆಮೇಲೆ ಕೇಳಿದಳು, “ರಾತ್ರೀನೂ ಹೀಗೇ ಬಡೀತಿರುತ್ತಾ? ಯಾರೂ ಇಲ್ಲದಾಗಲೂ?”

“ಹೌದು ದೊಡ್ಡಜ್ಜಿ, ಯಾವಾಗಲೂ” ಎಂದಳು ಚಿನ್ನಿ.

“ಪಾಪ” ಎಂದಳು ಅಕ್ಕ.

ನೀರಿಗಿಳಿದೆವು. ಪಾದ ಮುಳುಗುವಷ್ಟೇ. ತೆರೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳು ಜಾರುತ್ತದಲ್ಲ, ಆಗ ಅಕ್ಕ “ಅಯ್ಯೋ, ಎಳೀತಿದೆ!” ಎಂದು ನನ್ನ ತೋಳು ಹಿಡಿದು ನಕ್ಕ ನಗು ನಾನು ಅವಳ ಮದುವೆಗೆ ಮೊದಲು ಕೇಳಿದ್ದು. ಬಗ್ಗಿ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಮಲೆನಾಡಿನಲ್ಲಿ ಮಿಡಿ ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ ಅವಳದು. ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು, “ಉಪ್ಪಿದೆ. ಆದರೆ ಮಿಡಿ ಹಾಕೋಕೆ ಸಾಲದು.”

ಇದು ತಮಾಷೆಯಲ್ಲ, ಲೆಕ್ಕದ ಮಾತು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕುಡಿಯಲು ಅದು ವಿಪರೀತ, ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯಲು ಅದು ಏನೇನೂ ಅಲ್ಲ.

“ನಮ್ಮ ಮನೆ ಮುಂದಿನ ಹಳ್ಳದ ನೀರೂ ಇಲ್ಲಿಗೇ ಬರುತ್ತಾ?” ಎಂದು ಅಕ್ಕ ಕೇಳಿದಳು. ಬರುತ್ತದೆ ಎನ್ನಲು ನಾನು ಬಾಯಿ ತೆರೆದಿದ್ದೆ. ಚಿನ್ನಿ ತಡೆದಳು. ಅವಳಿಗೆ ಭೂಗೋಳ ಇಷ್ಟ. ಒದ್ದೆ ಮರಳಿನ ಮೇಲೆ ಬೆರಳಿನಿಂದ ಕರ್ನಾಟಕದ ನಕ್ಷೆ ಬರೆದಳು. ಘಟ್ಟದ ಈ ಮಗ್ಗುಲಿಗೆ ಬಿದ್ದ ಮಳೆ ಸೀತಾನದಿ ಸೇರಿ, ನಾವು ಬಂದ ಹೆಬ್ರಿ ದಾರಿಯ ಆಸುಪಾಸಿನಲ್ಲೇ ಹರಿದು, ಈ ಕರಾವಳಿಯಲ್ಲೇ ಅರಬ್ಬಿ ಸಮುದ್ರ ಸೇರುತ್ತದೆ. ಆ ಮಗ್ಗುಲಿಗೆ ಬಿದ್ದದ್ದು ತುಂಗೆಗೆ. ತುಂಗೆ ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಳ್ಳುತ್ತದೆ. ಹಂಪಿಯ ಬಂಡೆಗಳನ್ನು ಸುತ್ತಿ ಹೋಗಿ ಕೃಷ್ಣೆಯನ್ನು ಸೇರಿ, ದೇಶದ ಆ ತುದಿಯ ಬಂಗಾಳಕೊಲ್ಲಿಗೆ ಹೋಗುತ್ತದೆ. ಆಗುಂಬೆಯಲ್ಲಿ ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ಈ ಸಮುದ್ರಕ್ಕೆ, ಇನ್ನೊಂದು ಆ ಸಮುದ್ರಕ್ಕೆ.

ಅಕ್ಕ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. “ಇಷ್ಟು ಹತ್ತಿರ ಇಟ್ಟುಕೊಂಡು ಅಷ್ಟು ದೂರ ಸುತ್ತುತ್ತಾ ನಮ್ಮ ತುಂಗೆ?” ಎಂದಳು. ಒಂದು ತೆರೆ ಬಂದು ನಕ್ಷೆಯನ್ನು ಅಳಿಸಿತು. ಅದರ ಜೊತೆಗೆ ದಡದಲ್ಲಿ ಬಿಟ್ಟಿದ್ದ ಅಕ್ಕನ ಹೊಸ ಚಪ್ಪಲಿಯಲ್ಲಿ ಒಂದನ್ನೂ ಎತ್ತಿಕೊಂಡು ಹೋಯಿತು.

ಪುಟ್ಟ “ನಾನು ತರ್ತೀನಿ” ಎಂದವನೇ ಓಡಿದ. ಎರಡನೇ ತೆರೆ ಅವನ ಎದೆಗೆ ಬಂತು. ಜೀವರಕ್ಷಕ ಸಿಳ್ಳೆ ಊದಿದ, ಮಗಳು ಚೀರಿದಳು. ನಾನು ಓಡಬೇಕೆಂದುಕೊಂಡರೂ ಕಾಲು ಮರಳಿನಲ್ಲಿ ಹೂತಿತ್ತು. ಮಗಳು ಅವನ ಅಂಗಿಯ ಕಾಲರ್ ಹಿಡಿದು ಎಳೆದು ತಂದಳು. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲಲು ಕಾಲು ಗಂಟೆ ಬೇಕಾಯಿತು. ಚಪ್ಪಲಿ, ಚೆಂಡು, ಟೋಪಿ ಏನೇ ಹೋದರೂ ಕಡಲಿಗೆ ಬೆನ್ನಟ್ಟಿ ಹೋಗಬಾರದು ಎಂದು ಜೀವರಕ್ಷಕ ಪುಟ್ಟನ ಎದುರು ಮಂಡಿಯೂರಿ ಹೇಳಿದ. ಬೈಯಲಿಲ್ಲ. ಪುಟ್ಟ ಅಳುತ್ತ ತಲೆಯಾಡಿಸಿದ.

ಅವನನ್ನು ಸಮಾಧಾನ ಮಾಡಬೇಕಿತ್ತು. ಮಗಳು ಮಕ್ಕಳಿಬ್ಬರನ್ನೂ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದಳು. ದೋಣಿ ಹತ್ತಿ ಇಳಿಯುವುದು ತನ್ನಿಂದಾಗದು ಎಂದು ಅಕ್ಕ ಉಳಿದಳು, ಅವಳ ಜೊತೆ ನಾನೂ ಉಳಿದೆ. ಆ ದ್ವೀಪವನ್ನು ನಾನು ಹಿಂದೆ ನೋಡಿದ್ದೇನೆ. ಅಲ್ಲಿ ಬಂಡೆಗಳು ಯಾರೋ ಅಚ್ಚಿನಲ್ಲಿ ಎರೆದು ನಿಲ್ಲಿಸಿದ ಕಂಬಗಳ ಹಾಗಿವೆ. ಹೆಚ್ಚಿನವಕ್ಕೆ ಆರು ಮೂಲೆ, ಕೆಲವಕ್ಕೆ ಐದು ಅಥವಾ ಏಳು. ಕೆರೆ ಬತ್ತಿದಾಗ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಹಾಗೇ ನೆಲದೊಳಗಿಂದ ಉಕ್ಕಿದ ಲಾವಾರಸ ತಣ್ಣಗಾಗಿ ಕುಗ್ಗುವಾಗ ಬಿರುಕುಬಿಟ್ಟು ಕಂಬಗಳಾದದ್ದು. ಆಗಿದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಆ ಕಾಲದಲ್ಲಿ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು, ಅದು ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಇದು ಎನ್ನುತ್ತಾರೆ ಭೂವಿಜ್ಞಾನಿಗಳು. ಪುಟ್ಟ ಹಿಂದಿರುಗಿ ಬಂದಾಗ ಚಪ್ಪಲಿ, ಅಳು ಎಲ್ಲ ಮರೆತು, “ಅಜ್ಜ, ಏಳು ಮೂಲೇದು ಮೂರು ಸಿಕ್ತು!” ಎಂದು ಕೂಗುತ್ತ ಬಂದ. ಅದು ಆಮೇಲಿನ ಮಾತು.

ಅವರು ಹೋದ ಮೇಲೆ ನಾವಿಬ್ಬರೂ ನೆರಳಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಇಪ್ಪತ್ತು ಮಾರು ಆಚೆ ಒಂದು ತೆರೆ ಬಂದು ಏನನ್ನೋ ಬಿಟ್ಟು ಹೋಯಿತು. ಹೋಗಿ ನೋಡಿದರೆ ಅಕ್ಕನ ಚಪ್ಪಲಿ! ತಂದುಕೊಟ್ಟೆ. ಅವಳು ಮರಳು ಕೊಡವಿ, “ಸಮುದ್ರ ನಿನ್ನ ಬ್ಯಾಂಕಿಗಿಂತ ವಾಸಿ ಕಣೋ. ತಗೊಂಡಿದ್ದನ್ನ ತಾನಾಗೇ ವಾಪಸ್ ಕೊಡ್ತು” ಎಂದಳು.

ಅವಳು ತಮಾಷೆಗೆ ಹೇಳಿದ್ದಿರಬೇಕು. ನನಗೆ ಹಾಗೆ ಕೇಳಿಸಲಿಲ್ಲ.

1968ರಲ್ಲಿ ನಾನು ಬಿ.ಕಾಂ. ಸೇರಬೇಕಾಗಿದ್ದಾಗ ಅಪ್ಪನ ಹತ್ತಿರ ದುಡ್ಡಿರಲಿಲ್ಲ. ಆ ವರ್ಷ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿತ್ತು. ಅಕ್ಕ ತನ್ನ ಬೆಂಡೋಲೆ ಬಿಚ್ಚಿಕೊಟ್ಟಳು. ಅದನ್ನು ತೀರ್ಥಹಳ್ಳಿಯಲ್ಲಿ ಅಡವಿಟ್ಟು 120 ರೂಪಾಯಿ ತಂದೆವು. ಬಿಡಿಸಿಕೊಳ್ಳಲಾಗಲಿಲ್ಲ, ಮುಳುಗಿಹೋಯಿತು. ಮುಂದೆ ನಾನು ಬ್ಯಾಂಕಿನಲ್ಲಿ ಎಷ್ಟೋ ವರ್ಷ ಚಿನ್ನದ ಸಾಲದ ವಿಭಾಗದಲ್ಲೇ ಕೂತು, ಯಾರಯಾರದೋ ಬೆಂಡೋಲೆಗಳ ಚೀಟಿ ಬರೆದೆ. ಅಕ್ಕನ ಬೆಂಡೋಲೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂದು ಎತ್ತಿದೆ. “ಅಕ್ಕ, ನಿನ್ನ ಬೆಂಡೋಲೆ ನಂಗೆ ನೆನಪಿದೆ. 120 ರೂಪಾಯಿ. 57 ವರ್ಷ ಆಯ್ತು” ಎಂದೆ. ಅಭ್ಯಾಸಬಲ, ಮರಳಿನ ಮೇಲೆ ಲೆಕ್ಕ ಬರೆದೆ. ಮಕ್ಕಳೇ, ನೀವೂ ಕಲಿತುಕೊಳ್ಳಿ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಚಕ್ರಬಡ್ಡಿಯಲ್ಲಿ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಶೇಕಡಾ 8ರ ಬಡ್ಡಿಗೆ ಒಂಬತ್ತು ವರ್ಷ. 120, 240, 480, 960, 1,920, 3,840, 7,680. ಅಲ್ಲಿಗೆ 54 ವರ್ಷ. ಉಳಿದ ಮೂರು ವರ್ಷ ಸೇರಿಸಿದರೆ 9,600 ದಾಟುತ್ತದೆ. ಬೆಂಡೋಲೆಯೇ ಉಳಿದಿದ್ದರೆ ಇವತ್ತಿನ ಚಿನ್ನದ ಬೆಲೆಗೆ ಅದರ ಎಷ್ಟೋ ಪಟ್ಟು.

ಅಕ್ಕ ಲೆಕ್ಕದ ಕಡೆ ನೋಡಲೂ ಇಲ್ಲ. “ಬೆಂಡೋಲೆ ಬಿಡೋ. ಅದು ನಾನು ಕೊಟ್ಟಿದ್ದು, ನೀನು ಕೇಳಿದ್ದಲ್ಲ” ಎಂದಳು. ಆಮೇಲೆ ಕಡಲು ನೋಡುತ್ತಲೇ ಹೇಳಿದಳು, “ಮೂರು ವರ್ಷ ಉಡುಪೀಲಿದ್ಯಲ್ಲ. ಒಂದು ಸಲ ಬಾ ಅನ್ನಲಿಲ್ಲ.”

ರಜೆ ಸಿಗಲಿಲ್ಲ ಎನ್ನಬಹುದಿತ್ತು. ಮನೆ ಚಿಕ್ಕದಿತ್ತು ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ಆದರೆ ಎರಡೂ ಕಾರಣವಲ್ಲ. ಎಪ್ಪತ್ತನಾಲ್ಕು ವರ್ಷದವನು ಎಂಬತ್ತಮೂರು ವರ್ಷದವಳ ಹತ್ತಿರ ಇನ್ನು ಎಷ್ಟು ದಿನ ಮುಚ್ಚಿಡುವುದು? “ನಾಚಿಕೆ ಆಗ್ತಿತ್ತು ಅಕ್ಕ” ಎಂದೆ. “ಬ್ಯಾಂಕಿನವರ ಮನೆ, ಅವರ ಹೆಂಗಸರು, ಅವರ ಮಾತು. ನೀನು ಬರಿಗಾಲಲ್ಲಿ, ಹಲಸಿನಹಣ್ಣು ಹೊತ್ಕೊಂಡು, ಬಸ್‌ಸ್ಟ್ಯಾಂಡಿಂದ ಕೂಗ್ತಾ ಬಂದುಬಿಟ್ರೆ ಅಂತ.”

ಅವಳು ಎಷ್ಟೋ ಹೊತ್ತು ಮಾತಾಡಲಿಲ್ಲ. ದೋಣಿಯೊಂದು ದ್ವೀಪದ ಕಡೆ ಹೋಗಿ ಚುಕ್ಕಿಯಾಗುವವರೆಗೂ ಮಾತಾಡಲಿಲ್ಲ.

“ಗೊತ್ತಿತ್ತು” ಎಂದಳು. “ನಿನ್ನ ಮದುವೇಲಿ ಬ್ಯಾಂಕಿನವರು ಬಂದಾಗ, ಅಕ್ಕ ನೀನು ಸ್ವಲ್ಪ ಒಳಗೇ ಇರು ಅಂದಿದ್ದೆ.”

ನಿಜ ಹೇಳುತ್ತೇನೆ, ನನಗೆ ಅದು ನೆನಪೇ ಇರಲಿಲ್ಲ. 1979ರ ಮಾತು. ನಾನು ಮರೆತು ಹಾಯಾಗಿದ್ದ ಒಂದು ವಾಕ್ಯವನ್ನು ಅವಳು ಇಷ್ಟು ವರ್ಷ ಇಟ್ಟುಕೊಂಡಿದ್ದಳು. ನನಗೆ ಕಣ್ಣು ತುಂಬಿ ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ. ಕಡಲ ಗಾಳಿಗೆ ಕನ್ನಡಕದ ಮೇಲೆ ಉಪ್ಪು ಕೂರುತ್ತದೆ ಎಂದು ಯಾರಿಗೋ ಸಮಜಾಯಿಷಿ ಕೊಡುವವನ ಹಾಗೆ ಗೊಣಗಿದೆ.

“ಅಳಬೇಡ ಮಾರಾಯ, ಜನ ನೋಡ್ತಾರೆ. ಆಮೇಲೆ ನನಗೆ ನಾಚಿಕೆ ಆಗುತ್ತೆ” ಎಂದಳು ಅಕ್ಕ. ಅವಳ ಮಾತಿನಲ್ಲಿ ಎಷ್ಟು ತಮಾಷೆ, ಎಷ್ಟು ಚುಚ್ಚು ಎಂದು ನನಗೆ ಈಗಲೂ ಗೊತ್ತಿಲ್ಲ. “ಏಳು. ಅವರು ಬರೋದ್ರೊಳಗೆ ಇನ್ನೊಂದು ಸಲ ನೀರಿಗೆ ಹೋಗೋಣ. ಚಪ್ಪಲಿ ಮಾತ್ರ ಮೇಲೆ ಇಡು.”

ಹೋದೆವು. ಈ ಸಲ ಅವಳು ನನ್ನ ಕೈ ಹಿಡಿಯಲಿಲ್ಲ. ನಾನೇ ಅವಳದನ್ನು ಹಿಡಿದುಕೊಂಡೆ.

ಮಕ್ಕಳು ಬಂದ ಮೇಲೆ ಮೊಸರನ್ನ, ಅವಲಕ್ಕಿ, ಮಿಡಿ. ಮೂರು ಗಂಟೆಗೆ ಹೊರಟೆವು. ಹೊರಡುವ ಮುಂಚೆ ಅಕ್ಕ ಒಂದು ಖಾಲಿ ಬಾಟಲಿ ಕೇಳಿ ಇಸಿದುಕೊಂಡು, ತಾನೇ ಬಗ್ಗಿ ಕಡಲ ನೀರು ತುಂಬಿಕೊಂಡಳು. ಘಟ್ಟ ಹತ್ತುವಾಗ ಪುಟ್ಟ ಏಳನೇ ತಿರುವಿನಲ್ಲಿ ಕಣ್ಣುಮುಚ್ಚಿ ಮಿಡಿ ಚೀಪಿದ, ಏನೂ ಆಗಲಿಲ್ಲ.

ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಬಂದಾಗ ಐದೂವರೆ. ಮೋಡವಿರಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಆಕಾಶ ತಿಳಿಯಾಗಿದ್ದರೆ ಇಲ್ಲಿಂದ ಬೆಟ್ಟಗಳ ಸಾಲು ದಾಟಿ, ಬಯಲು ದಾಟಿ, ಕಡಲು ಒಂದು ಗೆರೆಯ ಹಾಗೆ ಕಾಣುತ್ತದೆ. ಆರು ಗಂಟೆಯ ಆಸುಪಾಸಿಗೆ ಸೂರ್ಯ ಕೆಳಗಿಳಿಯುತ್ತ ಚಪ್ಪಟೆಯಾದ, ಗಡಿಗೆಯ ಹಾಗಾದ, ಕೆಳಗಿನ ಆ ಗೆರೆ ಬೆಂಕಿಯ ಎಳೆಯಾಯಿತು. ಅಕ್ಕ ಆ ಕಟ್ಟೆಯಿಂದ ಎಷ್ಟೋ ಸಲ ಆ ಗೆರೆಯನ್ನು ನೋಡಿದ್ದವಳೇ. ಈ ಸಲ ಪಕ್ಕದಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ ಗುರುತಿಲ್ಲದ ಒಬ್ಬ ಹುಡುಗಿಯ ತೋಳು ತಟ್ಟಿ, “ಅಗೋ, ಅಲ್ಲಿ ಹೊಳೀತಿದೆ ನೋಡು, ಮಧ್ಯಾಹ್ನ ನಾನು ಅಲ್ಲಿದ್ದೆ” ಎಂದಳು. ಹುಡುಗಿ ನಕ್ಕು, “ಹೌದಾ ಅಜ್ಜಿ? ಯಾರ ಜೊತೆ?” ಎಂದಳು.

“ನನ್ನ ತಮ್ಮ ಕರ್ಕೊಂಡು ಹೋಗಿದ್ದ. ಬ್ಯಾಂಕಿನಲ್ಲಿದ್ದ ಇವನು” ಎಂದು ಅಕ್ಕ ನನ್ನನ್ನು ಮುಂದಕ್ಕೆ ಎಳೆದು ಆ ಹುಡುಗಿಗೆ ಪರಿಚಯ ಮಾಡಿಸಿದಳು.

ಮನೆ ಮುಟ್ಟಿದ ಕೂಡಲೇ ಅವಳು ಕೊಟ್ಟಿಗೆಗೆ ಹೋದಳು. ನಾವು ಶಿವಮೊಗ್ಗ ಸೇರಿದಾಗ ಒಂಬತ್ತೂವರೆ. ಮಕ್ಕಳಿಬ್ಬರೂ ನಿದ್ದೆ ಹೋಗಿದ್ದರು, ಕಾರಿನ ತುಂಬ ಮರಳು.

ಮಾರನೆಯ ಬೆಳಿಗ್ಗೆ ಅಕ್ಕನ ಫೋನ್ ಬಂತು. “ಬಾಟಲಿ ನೀರು ಸೊಸೆಗೂ ರುಚಿ ತೋರಿಸಿದೆ. ಮಿಡಿಗೆ ಸಾಲದು ಅಂತ ಅವಳೂ ಹೇಳಿದಳು” ಎಂದಳು. ಆಮೇಲೆ ಸ್ವಲ್ಪ ತಡೆದು, “ಏಳು ಮೂಲೆ ಕಲ್ಲು ಅಂತಿದ್ನಲ್ಲ ಪುಟ್ಟ, ಅಲ್ಲಿಗೆ ಹೋಗೋ ದೋಣಿಗೆ ಮೆಟ್ಟಿಲು ಇರುತ್ತೇನೋ?” ಎಂದು ಕೇಳಿದಳು.